ವಕೀಲರ ತಪ್ಪಿಗೆ ದಂಡ ತೆರುವವರು ಯಾರು?

ಕಳೆದ ತಿಂಗಳು ಚನ್ನರಾಯಪಟ್ಟಣದ ಬಸ್ ನಿಲ್ದಾಣದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕಿದ. ಹತ್ತನೆಯ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ಇತಿಹಾಸದ ಇಸವಿಗಳನ್ನೆಲ್ಲ ತಪ್ಪದೆ ಒಪ್ಪಿಸುತ್ತಿದ್ದ ಹುಡುಗ ಈಗ ವಕೀಲ. ಬ್ಯಾಂಕೊಂದಕ್ಕೆ ಜಮೀನಿನ ಕಾಗದಪತ್ರ ಪರಿಶೀಲಿಸಿ ಅಭಿಪ್ರಾಯ ಬರೆದುಕೊಡುವ ಕೆಲಸವನ್ನೂ ಮಾಡುತ್ತಾನೆ. ಕಾಫಿ ಕುಡಿಯುತ್ತಾ, "ಸಾರ್, ವಕೀಲರಿಗೂ ವಿಮೆ ಇದೆಯಂತೆ. ನಾನು ತಪ್ಪು ಮಾಡಿ ಕಕ್ಷಿದಾರನಿಗೆ ನಷ್ಟವಾದರೆ ವಿಮಾ ಕಂಪನಿ ಕಟ್ಟಿಕೊಡುತ್ತದಂತೆ. ಮಾಡಿಸಬೇಕೇ ಬೇಡವೇ?" ಎಂದು ಕೇಳಿದ. ನಾನು ಕಾನೂನು ಓದಿದವನಲ್ಲ, ಬಿ.ಎಡ್. ಮಾಡಿ ಪಾಠ ಹೇಳಿದವನು. ಆದರೂ ಆ ಪ್ರಶ್ನೆ ನನ್ನನ್ನು ಐವತ್ತು ವರ್ಷ ಹಿಂದಕ್ಕೆ ಕರೆದೊಯ್ದಿತು.

1974ನೆಯ ಇಸವಿ. ಅರಕಲಗೂಡು ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ನಮ್ಮ ತಂದೆಯವರಿಗೆ ಮುಕ್ಕಾಲು ಎಕರೆ ಗದ್ದೆಯ ವಿಷಯದಲ್ಲಿ ವ್ಯಾಜ್ಯವಿತ್ತು. ಕೆಳಗಿನ ಕೋರ್ಟಿನಲ್ಲಿ ಸೋತು ಹಾಸನದಲ್ಲಿ ಅಪೀಲು ಹಾಕಿದ್ದರು. ವಕೀಲರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರೂ ಇಲ್ಲ, ನಮ್ಮ ತಂದೆಯವರೂ ಇಲ್ಲ. ತಂದೆಯವರು ತಿಂಗಳಿಗೊಮ್ಮೆ ಹಾಸನಕ್ಕೆ ಹೋಗುವರು. ಗುಮಾಸ್ತರು "ವಾಯಿದೆ ಬಿದ್ದಿದೆ, ಮುಂದಿನ ತಿಂಗಳು ಬನ್ನಿ" ಎನ್ನುವರು. ಹಾಗೆ ಹೇಳಿಸಿಕೊಂಡು ಮೂರನೆಯ ಸಲ ಮರಳಿದ ಮೇಲೆ, ಹೊಳೆನರಸೀಪುರದ ನಮ್ಮ ಸೋದರಮಾವನವರು ವಿಚಾರಿಸಿದಾಗ ತಿಳಿಯಿತು: ಕೂಗಿದ ದಿನ ವಕೀಲರು ಹಾಜರಿರಲಿಲ್ಲ, ಅಪೀಲು ವಜಾ ಆಗಿ ಮೂರು ತಿಂಗಳಾಗಿತ್ತು. ಗೈರುಹಾಜರಿಯಿಂದ ವಜಾ ಆದ ಅಪೀಲನ್ನು ಮತ್ತೆ ತೆಗೆದುಕೊಳ್ಳಿರೆಂದು ಕೋರಲು ಕಾಲಮಿತಿ ಕಾಯಿದೆಯಲ್ಲಿ ಇರುವುದು ಮೂವತ್ತು ದಿನ. ತಡವಾದರೆ ಸಕಾರಣ ತೋರಿಸಬೇಕು. ಕಾರಣವೆಂದರೆ ಆ ವಕೀಲರ ತಪ್ಪೇ. ಅದನ್ನು ಬರೆದುಕೊಡಲು ಇನ್ನೊಬ್ಬ ವಕೀಲರು ಮುಂದೆ ಬರಲಿಲ್ಲ. ಬರೆಸಲು ನಮ್ಮ ತಂದೆಯವರಿಗೂ ಮನಸ್ಸಾಗಲಿಲ್ಲ. "ವಕೀಲರ ಮೇಲೆ ವಕೀಲರನ್ನು ಹಿಡಿದು ನಾನೆಲ್ಲಿ ಗೆಲ್ಲಲಿ?" ಎಂದು ಸುಮ್ಮನಾದರು. ಕೋರ್ಟಿಗೆ ಹೋದರೆ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯ ಅರ್ಥ ನನಗೆ ಅಂದು ತಿಳಿಯಿತು.

ಹಾಗಾದರೆ ವಕೀಲರನ್ನು ಕೇಳುವವರೇ ಇರಲಿಲ್ಲವೇ? ಇತಿಹಾಸವನ್ನು ನೋಡಿದರೆ ಹಾಗಲ್ಲ. ಇಂಗ್ಲೆಂಡಿನಲ್ಲಿ ನ್ಯಾಯಾಲಯದಲ್ಲಿ ವಾದಿಸುವ ಬ್ಯಾರಿಸ್ಟರುಗಳು ತಮ್ಮ ಶುಲ್ಕಕ್ಕಾಗಿ ದಾವೆ ಹೂಡುವಂತಿರಲಿಲ್ಲ. ಅವರ ಅಜಾಗರೂಕತೆಗಾಗಿ ಅವರ ಮೇಲೂ ದಾವೆ ಹೂಡುವಂತಿರಲಿಲ್ಲ. 1967ರಲ್ಲಿ ಅಲ್ಲಿನ ಹೌಸ್ ಆಫ್ ಲಾರ್ಡ್ಸ್ ಈ ರಕ್ಷಣೆಯನ್ನು ಎತ್ತಿಹಿಡಿಯಿತು. 2000ದಲ್ಲಿ ಅದೇ ಸಭೆಯ ನ್ಯಾಯಮೂರ್ತಿಗಳು ಅದನ್ನು ತೆಗೆದುಹಾಕಿದರು. ಆದರೆ ಬ್ರಿಟಿಷ್ ಇಂಡಿಯಾ ಈ ವಿಷಯದಲ್ಲಿ ಇಂಗ್ಲೆಂಡಿಗಿಂತ ಮುಂದಿತ್ತೆಂದರೆ ನಿಮಗೆ ಆಶ್ಚರ್ಯವಾದೀತು. 1926ರ ವಕೀಲರ ಶುಲ್ಕದ ಕಾಯಿದೆ ಎರಡು ಮಾತುಗಳನ್ನು ಜೊತೆಜೊತೆಗೆ ಹೇಳಿತು. ವಕೀಲನು ತನ್ನ ಶುಲ್ಕಕ್ಕಾಗಿ ದಾವೆ ಹೂಡಬಹುದು. ಹಾಗೆಯೇ, ವಕೀಲನೆಂಬ ಒಂದೇ ಕಾರಣದಿಂದ ಅವನು ತನ್ನ ಅಜಾಗರೂಕತೆಯಿಂದಾದ ನಷ್ಟದ ದಾವೆಯಿಂದ ತಪ್ಪಿಸಿಕೊಳ್ಳುವಂತಿಲ್ಲ. ಹಕ್ಕು ಮತ್ತು ಹೊಣೆ ಒಂದೇ ನೊಗದ ಎರಡು ಎತ್ತುಗಳೆಂಬುದನ್ನು ಆ ಕಾಯಿದೆ ಕಂಡುಕೊಂಡಿತ್ತು.

ಸ್ವಾತಂತ್ರ್ಯಾನಂತರ 1961ರ ವಕೀಲರ ಕಾಯಿದೆ ಬಂದಿತು. ದುರ್ನಡತೆಯ ದೂರು ಬಂದರೆ ರಾಜ್ಯ ವಕೀಲರ ಪರಿಷತ್ತಿನ ಶಿಸ್ತು ಸಮಿತಿ ವಿಚಾರಣೆ ನಡೆಸಿ ಛೀಮಾರಿ ಹಾಕಬಹುದು, ಕೆಲವು ಕಾಲ ಅಮಾನತು ಮಾಡಬಹುದು, ಪಟ್ಟಿಯಿಂದ ಹೆಸರನ್ನೇ ತೆಗೆಯಬಹುದು. ಆದರೆ ಇದು ವಕೀಲನನ್ನು ಶಿಕ್ಷಿಸುವ ವ್ಯವಸ್ಥೆ, ಕಕ್ಷಿದಾರನ ನಷ್ಟವನ್ನು ತುಂಬಿಕೊಡುವ ವ್ಯವಸ್ಥೆಯಲ್ಲ. ನಮ್ಮ ತಂದೆಯವರು ಅಲ್ಲಿಗೆ ಹೋಗಿದ್ದರೂ ಗದ್ದೆ ಮರಳಿ ಬರುತ್ತಿರಲಿಲ್ಲ.

1981ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ರಫೀಕ್ ವಿರುದ್ಧ ಮುನ್ಷಿಲಾಲ್ ಎಂಬ ಪ್ರಕರಣ ಬಂದಿತು. ಅಲ್ಲಿಯೂ ವಕೀಲರು ಗೈರುಹಾಜರಾಗಿ ಅಪೀಲು ವಜಾ ಆಗಿತ್ತು. ವಕೀಲರನ್ನು ನೇಮಿಸಿ, ಶುಲ್ಕ ಕೊಟ್ಟು, ವಿಷಯವನ್ನೆಲ್ಲ ತಿಳಿಸಿದ ಹಳ್ಳಿಯ ಮನುಷ್ಯ ನಿಶ್ಚಿಂತನಾಗಿ ಊರಿಗೆ ಹೋಗಬಹುದು; ವಕೀಲರು ಬಂದಿದ್ದಾರೋ ಇಲ್ಲವೋ ಎಂದು ಕಾವಲು ಕಾಯುವುದು ಅವನ ಕೆಲಸವಲ್ಲ; ವಕೀಲರ ತಪ್ಪಿಗೆ ನಿರಪರಾಧಿ ಕಕ್ಷಿದಾರ ನವೆಯಬಾರದು ಎಂಬ ಅರ್ಥದ ತೀರ್ಪು ಬಂದಿತು. ಅಪೀಲನ್ನು ಮತ್ತೆ ಕೇಳಬೇಕೆಂದೂ, ಖರ್ಚನ್ನು ಗೈರುಹಾಜರಾದ ವಕೀಲರಿಂದಲೇ ವಸೂಲು ಮಾಡಬೇಕೆಂದೂ ಆದೇಶವಾಯಿತು. ಇದನ್ನು ಓದಿದ ದಿನ ನಾನು ನಮ್ಮ ತಂದೆಯವರನ್ನೇ ನೆನೆದೆ. ಏಳು ವರ್ಷ ತಡವಾಯಿತಲ್ಲ ಎನಿಸಿತು. ಆದರೆ ಮುಂದಿನ ತೀರ್ಪುಗಳಲ್ಲಿ ಕಕ್ಷಿದಾರನೂ ಎಚ್ಚರವಾಗಿರಬೇಕೆಂದು ನ್ಯಾಯಾಲಯಗಳು ಹೇಳಿರುವುದನ್ನೂ ಮರೆಯಬಾರದು.

ಇನ್ನು ಗ್ರಾಹಕ ನ್ಯಾಯಾಲಯದ ಕಥೆ. 1986ರಲ್ಲಿ ಗ್ರಾಹಕ ಸಂರಕ್ಷಣಾ ಕಾಯಿದೆ ಬಂದಿತು. 1995ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಹಣ ಪಡೆದು ಚಿಕಿತ್ಸೆ ನೀಡುವ ವೈದ್ಯರ ಸೇವೆ ಈ ಕಾಯಿದೆಗೆ ಒಳಪಡುತ್ತದೆಂದು ತೀರ್ಮಾನಿಸಿತು. ವೈದ್ಯರು ವೃತ್ತಿ ವಿಮೆಯತ್ತ ಹೆಚ್ಚು ಗಮನ ಹರಿಸಿದ್ದು ಈ ತೀರ್ಪಿನ ಬಳಿಕವೇ. ಹಾಗಾದರೆ ವಕೀಲರು? ದೆಹಲಿಯ ಒಬ್ಬ ಕಕ್ಷಿದಾರನಿಗೆ ಇಪ್ಪತ್ತು ಸಾವಿರ ರೂಪಾಯಿಯ ಚೆಕ್ಕು ಅಮಾನ್ಯವಾದ ಪ್ರಕರಣದಲ್ಲಿ ತನ್ನ ವಕೀಲರೊಡನೆಯೇ ತಕರಾರು ಬಂದು, ಅದು ಗ್ರಾಹಕ ವೇದಿಕೆಯ ಮೆಟ್ಟಿಲೇರಿತು. 2007ರ ಆಗಸ್ಟಿನಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗವು ವಕೀಲರೂ ಕಾಯಿದೆಗೆ ಒಳಪಡುತ್ತಾರೆಂದಿತು. ವಕೀಲರ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದವು. ಅಂತಿಮ ತೀರ್ಪು ಬಂದದ್ದು 2024ರ ಮೇ 14ರಂದು. ಕಕ್ಷಿದಾರನು ವಕಾಲತ್ತಿನ ಮೂಲಕ ವಕೀಲನಿಗೆ ಅಧಿಕಾರ ಕೊಡುತ್ತಾನೆ, ಅವನ ಅನುಮತಿಯಿಲ್ಲದೆ ವಕೀಲನು ರಾಜಿಗೆ ಒಪ್ಪುವಂತಿಲ್ಲ. ಇಂಥ ನಿಯಂತ್ರಣವಿರುವುದರಿಂದ ಇದು ವೈಯಕ್ತಿಕ ಸೇವೆಯ ಕರಾರು, ಆದ್ದರಿಂದ ಕಾಯಿದೆಯ ಹೊರಗೆ ಎಂದು ನ್ಯಾಯಪೀಠ ಹೇಳಿತು. ವೈದ್ಯರ ಕುರಿತ 1995ರ ತೀರ್ಪನ್ನೂ ಮರುಪರಿಶೀಲಿಸಬೇಕೆಂಬ ಅಭಿಪ್ರಾಯ ಅದರಲ್ಲಿತ್ತು. ಅದೇ ವರ್ಷದ ನವೆಂಬರಿನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದರ ಅಗತ್ಯವಿಲ್ಲವೆಂದಿತು.

ಈ ತೀರ್ಪಿನಿಂದ ವಕೀಲರಿಗೆ ಪೂರ್ಣ ಅಭಯ ಸಿಕ್ಕಿತೆಂದು ತಿಳಿಯುವುದು ತಪ್ಪು. ಮುಚ್ಚಿದ್ದು ಗ್ರಾಹಕ ವೇದಿಕೆಯ ಬಾಗಿಲು ಮಾತ್ರ. ಸಿವಿಲ್ ನ್ಯಾಯಾಲಯದ ಬಾಗಿಲು ತೆರೆದೇ ಇದೆ. ಬ್ಯಾಂಕಿಗೆ ಅಭಿಪ್ರಾಯ ಬರೆದುಕೊಡುವವರ ವಿಷಯದಲ್ಲಿ 2012ರಲ್ಲಿ, ಹೈದರಾಬಾದಿನ ಒಂದು ಪ್ರಕರಣದಲ್ಲಿ, ಸುಪ್ರೀಂ ಕೋರ್ಟು ಇನ್ನೊಂದು ಗೆರೆ ಎಳೆದಿದೆ. ಅಭಿಪ್ರಾಯ ತಪ್ಪಾಯಿತೆಂಬ ಮಾತ್ರಕ್ಕೆ ವಕೀಲನನ್ನು ವಂಚನೆಯ ಒಳಸಂಚಿನಲ್ಲಿ ಆರೋಪಿ ಮಾಡಲಾಗದು, ವಂಚಕರೊಡನೆ ಅವನು ಕೈಜೋಡಿಸಿದ್ದಕ್ಕೆ ಆಧಾರ ಬೇಕು; ಆದರೆ ಅಜಾಗರೂಕತೆಗೆ ನಷ್ಟಪರಿಹಾರದ ಹೊಣೆ ಬರಬಹುದು ಎಂಬುದು ಅದರ ಸಾರಾಂಶ.

ವಿಮೆಯ ಮಾತಿಗೆ ಬರೋಣ. ಇಂಗ್ಲೆಂಡಿನಲ್ಲಿ 1976ರಿಂದ ಸಾಲಿಸಿಟರುಗಳಿಗೆ, ಅಮೆರಿಕದ ಆರೆಗನ್ ರಾಜ್ಯದಲ್ಲಿ 1978ರಿಂದ ಖಾಸಗಿ ವಕೀಲರಿಗೆ ಇಂಥ ರಕ್ಷಣೆ ಕಡ್ಡಾಯವಾಗಿದೆ. ನಮ್ಮಲ್ಲಿ ಕಡ್ಡಾಯವಿಲ್ಲ, ಸಾಮಾನ್ಯ ವಿಮಾ ಕಂಪನಿಗಳು ವೃತ್ತಿ ಹೊಣೆಗಾರಿಕೆ ವಿಮೆಯನ್ನು ಮಾರುತ್ತವೆ. ಇದು ಜೀವವಿಮೆಯಂತಲ್ಲ. ಸಾಮಾನ್ಯವಾಗಿ ತಪ್ಪು ನಡೆದ ವರ್ಷದ ಪಾಲಿಸಿಯಲ್ಲ, ಪರಿಹಾರದ ಬೇಡಿಕೆ ಬಂದ ವರ್ಷದ ಪಾಲಿಸಿ ಲೆಕ್ಕಕ್ಕೆ ಬರುತ್ತದೆ. ಪಾಲಿಸಿಯಲ್ಲಿ ಬರೆದ ಹಿಂದಿನ ಒಂದು ದಿನಾಂಕದ ನಂತರ ನಡೆದ ತಪ್ಪಾಗಿರಬೇಕು. ನಡುವೆ ಒಂದು ವರ್ಷ ಕಂತು ಕಟ್ಟದಿದ್ದರೆ ಹಳೆಯ ರಕ್ಷಣೆಯೂ ಕೈತಪ್ಪಬಹುದು. ನೋಟೀಸು ಬಂದ ಕೂಡಲೇ ಕಂಪನಿಗೆ ತಿಳಿಸಬೇಕು, ಕೇಳದೆ ತಪ್ಪೊಪ್ಪಿಗೆ ಬರೆದುಕೊಡಬಾರದು. ಬೇಕೆಂದೇ ಮಾಡಿದ ವಂಚನೆಗೆ ಯಾವ ವಿಮೆಯೂ ಇಲ್ಲ. ಅದು ನ್ಯಾಯವೇ.

ಚನ್ನರಾಯಪಟ್ಟಣದ ಆ ಶಿಷ್ಯನಿಗೆ ನಾನು ಕೊಟ್ಟ ಉತ್ತರ ಇಷ್ಟೇ: "ಮಾಡಿಸಪ್ಪಾ. ನಿನ್ನ ಮನೆ ಉಳಿಯಲಿ ಎಂದಷ್ಟೇ ಅಲ್ಲ, ನಿನ್ನನ್ನು ನಂಬಿ ಬಂದವನ ಗದ್ದೆಯ ಬೆಲೆಯಾದರೂ ಉಳಿಯಲಿ ಎಂದು. ಆದರೆ ವಿಮೆಗಿಂತ ಮೊದಲು ಗೋಡೆಗೊಂದು ಕ್ಯಾಲೆಂಡರು, ಮೇಜಿನ ಮೇಲೊಂದು ಡೈರಿ ಇಟ್ಟುಕೋ. ವಾಯಿದೆಯ ದಿನವನ್ನು ಎರಡು ಕಡೆ ಬರೆ. ಬರಲಾಗದಿದ್ದರೆ ಮೊದಲೇ ಹೇಳು." ಶುಲ್ಕ ಬಾಕಿಯೆಂದು ಕಕ್ಷಿದಾರನ ಕಡತವನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲನಿಗಿಲ್ಲವೆಂದು ಸುಪ್ರೀಂ ಕೋರ್ಟು 2000ದಲ್ಲಿ ಹೇಳಿರುವುದನ್ನೂ ಅವನಿಗೆ ನೆನಪಿಸಿದೆ. ಅವನಿಗೆ ಅದು ನನಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ಮೇಷ್ಟರ ಮಾತೆಂದು ಕೇಳಿಸಿಕೊಂಡ.

ನನ್ನ ಬಂಧುಗಳಿಗೂ ಒಂದು ಮಾತು. ವಕಾಲತ್ತಿಗೆ ಸಹಿ ಹಾಕುವ ಮುನ್ನ ಓದಿ. ಕೊಟ್ಟ ಹಣಕ್ಕೆ ರಸೀದಿ, ಕೊಟ್ಟ ಕಾಗದಕ್ಕೆ ನಕಲು ಇಟ್ಟುಕೊಳ್ಳಿ. ಈಗ ಮೊಕದ್ದಮೆಯ ಸಂಖ್ಯೆ ಇದ್ದರೆ ಇ-ಕೋರ್ಟ್ಸ್ ತಾಣದಲ್ಲಿ ಮುಂದಿನ ದಿನಾಂಕವನ್ನು ಮನೆಯಲ್ಲೇ ನೋಡಬಹುದು. ನಮ್ಮ ತಂದೆಯವರ ಕಾಲಕ್ಕೆ ಅದಿರಲಿಲ್ಲ. ಅವರ ಕಡತ ಇಂದಿಗೂ ನನ್ನ ಟ್ರಂಕಿನಲ್ಲಿದೆ. ಅದರ ಮೇಲಿನ ಹಾಳೆಯಲ್ಲಿ ಅವರು ಬಂದುಹೋದ ವಾಯಿದೆಗಳನ್ನೆಲ್ಲ ಒಂದೂ ಬಿಡದೆ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದಾರೆ. ಅವರ ಕಡೆಯಿಂದ ಒಂದು ದಿನವೂ ತಪ್ಪಿರಲಿಲ್ಲ.