ಭಕ್ತನ ಸಂಕಟ ಮತ್ತು ಗಲ್ಲಾಪೆಟ್ಟಿಗೆ: ಧಾರ್ಮಿಕ ಚಿತ್ರಗಳ ಸೋಲು ಗೆಲುವು

ಮಲೇಷ್ಯಾದಲ್ಲಿ ಧಾರ್ಮಿಕ ಚಿತ್ರದ ಹಣೆಬರಹ ಮೊದಲು ನಿರ್ಧಾರವಾಗುವುದು ಸೆನ್ಸಾರ್ ಮಂಡಳಿಯಲ್ಲಿ. ಪ್ರವಾದಿಗಳನ್ನು ತೆರೆಯ ಮೇಲೆ ತೋರಿಸುವುದು ಅಲ್ಲಿ ಒಪ್ಪಿತವಲ್ಲ. ಮೋಶೆಯ ಕಥೆಯ ‘ದಿ ಪ್ರಿನ್ಸ್ ಆಫ್ ಈಜಿಪ್ಟ್’ (1998), ನೋಹನ ಕಥೆಯ ‘ನೋವಾ’ (2014) ಎರಡೂ ನಿಷೇಧಕ್ಕೊಳಗಾದವು. 2004ರಲ್ಲಿ ‘ದಿ ಪ್ಯಾಶನ್ ಆಫ್ ದ ಕ್ರೈಸ್ಟ್’ಗೆ ಅನುಮತಿ ಸಿಕ್ಕಿದ್ದು ಕ್ರೈಸ್ತರು ಮಾತ್ರ ನೋಡಬೇಕೆಂಬ ಷರತ್ತಿನ ಮೇಲೆ. ಸುಮಾರು 3 ಕೋಟಿ ಡಾಲರ್‌ನಲ್ಲಿ ತಯಾರಾಗಿ ಜಗತ್ತಿನಾದ್ಯಂತ 60 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿದ ಚಿತ್ರಕ್ಕೆ ಇಲ್ಲಿ ಬಾಗಿಲೇ ಅರ್ಧ ತೆರೆದಿತ್ತು. ಪೆನಾಂಗ್ ದ್ವೀಪದ ಕಾರ್ಖಾನೆಗಳ ಊರಾದ ಬಯಾನ್ ಲೆಪಾಸ್‌ನಲ್ಲಿ ಮಲಯ, ಚೀನೀ, ತಮಿಳು ಕುಟುಂಬಗಳು ಕ್ವೀನ್ಸ್‌ಬೇ ಮಾಲ್‌ನ ಒಂದೇ ಸೂರಿನಡಿ ಬೇರೆ ಬೇರೆ ಚಿತ್ರ ನೋಡುತ್ತವೆ. ಇಂಥ ಕಡೆ ಒಂದು ಮತದ ಪವಾಡಕಥೆ ಉಳಿದವರನ್ನು ತಾನಾಗಿ ಸೆಳೆಯುವುದಿಲ್ಲ.

ಪವಿತ್ರ ವ್ಯಕ್ತಿಗಳನ್ನು ತೋರಿಸುವಂತಿಲ್ಲವಾದ್ದರಿಂದ ಮಲಯ ಚಿತ್ರರಂಗ ಸಾಮಾನ್ಯ ಭಕ್ತನ ಕಡೆ ತಿರುಗಿತು. ಪೆನಾಂಗ್‌ನಲ್ಲೇ ಹುಟ್ಟಿದ ಪಿ. ರಾಮ್ಲೀ ‘ಸೆಮೆರಾ ಪಾಡಿ’ಯಲ್ಲಿ (1956) ಧರ್ಮಶಾಸ್ತ್ರದ ಕಟ್ಟಳೆಗೂ ಪ್ರೇಮಕ್ಕೂ ನಡುವೆ ಸಿಕ್ಕಿಬಿದ್ದವರ ಕಥೆ ಹೇಳಿದ. ಅರವತ್ತು ವರ್ಷಗಳ ಬಳಿಕ ಶಮ್ಸುಲ್ ಯೂಸುಫ್‌ನ ‘ಮುನಾಫಿಕ್’ (2016) ಬಂತು. ಅದರ ನಾಯಕ ಕುರಾನ್ ಪಠಣದಿಂದ ದೆವ್ವ ಬಿಡಿಸುವ ಧರ್ಮಬೋಧಕ. ಹೆಂಡತಿಯನ್ನು ಕಳೆದುಕೊಂಡು ನಂಬಿಕೆಯೇ ಅಲುಗಾಡಿದವನು. ಹೆದರಲು ಬಂದ ಪ್ರೇಕ್ಷಕನಿಗೂ ಅಲ್ಲಿ ಜಾಗವಿತ್ತು. ‘ಮುನಾಫಿಕ್ 2’ (2018) 4 ಕೋಟಿ ರಿಂಗಿಟ್ ದಾಟಿ, ಆವರೆಗಿನ ಮಲಯ ಚಿತ್ರಗಳ ಗಳಿಕೆಯ ದಾಖಲೆ ಮುರಿಯಿತು.

ಕನ್ನಡದಲ್ಲಿ ಅಂಥ ನಿಷೇಧವೇನೂ ಇರಲಿಲ್ಲ, ಆದರೂ ಹಣ ತಂದದ್ದು ಭಕ್ತನೇ. 1934ರ ‘ಸತಿ ಸುಲೋಚನ’ದಿಂದಲೇ ಪೌರಾಣಿಕ ಚಿತ್ರಗಳಿಗೆ ವೃತ್ತಿ ನಾಟಕ ಕಂಪನಿಗಳು ಸಿದ್ಧ ಪ್ರೇಕ್ಷಕರನ್ನು ಒದಗಿಸಿದ್ದವು. ಎಚ್.ಎಲ್.ಎನ್. ಸಿಂಹ ನಿರ್ದೇಶನದ ‘ಬೇಡರ ಕಣ್ಣಪ್ಪ’ (1954) ಗುಬ್ಬಿ ಕಂಪನಿಯ ರಂಗಪರಂಪರೆಯಿಂದಲೇ ಬಂದ ಚಿತ್ರ. ಅದರಲ್ಲಿ ಶಿವನಿಗಿಂತ, ಶಿವನಿಗಾಗಿ ಕಣ್ಣು ಕೀಳುವ ಬೇಡ ದೊಡ್ಡವನು. ಚಿತ್ರ ಗೆದ್ದು ರಾಜ್‌ಕುಮಾರ್ ನಾಯಕನಟರಾದರು. ಇಪ್ಪತ್ತು ವರ್ಷದ ನಂತರದ ‘ಭಕ್ತ ಕುಂಬಾರ’ದಲ್ಲೂ (1974) ಅಷ್ಟೇ: ಭಜನೆಯಲ್ಲಿ ಮೈಮರೆತ ಕುಂಬಾರ ಗೋರ ಮಣ್ಣಿನ ಜೊತೆ ತನ್ನ ಮಗುವನ್ನೇ ತುಳಿಯುತ್ತಾನೆ. ಅಪರಾಧಪ್ರಜ್ಞೆ, ಹೆಂಡತಿಯ ಸಿಟ್ಟು, ಹಾಡು ಎಲ್ಲವೂ ಪಾಂಡುರಂಗ ಪ್ರತ್ಯಕ್ಷನಾಗುವ ಮೊದಲೇ ಪ್ರೇಕ್ಷಕರನ್ನು ಹಿಡಿದಿಟ್ಟಿರುತ್ತವೆ.

ಮರುವರ್ಷ ಬಂದ ಹಿಂದಿಯ ‘ಜೈ ಸಂತೋಷಿ ಮಾ’ ಕಡಿಮೆ ಬಂಡವಾಳದ, ತಂತ್ರಗಾರಿಕೆಯಲ್ಲಿ ಸಾಧಾರಣವಾದ ಚಿತ್ರ. ‘ಶೋಲೆ’ ಬಂದ ವರ್ಷವೇ ಅದೂ ಅಪಾರ ಹಣ ಮಾಡಿತು. ಅತ್ತೆಮನೆಯಲ್ಲಿ ನೊಂದ ಸೊಸೆಯ ಕಥೆ ನೋಡಲು ಹೆಂಗಸರು ಚಪ್ಪಲಿ ಹೊರಗೆ ಬಿಟ್ಟು ಒಳಬಂದರು, ತೆರೆಗೆ ನಾಣ್ಯ ಎಸೆದರು, ಶುಕ್ರವಾರದ ವ್ರತ ಹಿಡಿದರು. ಚಿತ್ರವೇ ಆಚರಣೆಯಾದಾಗ ಜಾಹೀರಾತಿನ ಖರ್ಚು ಉಳಿಯುತ್ತದೆ.

ಇದಕ್ಕೆ ತೀರ ವಿರುದ್ಧ ದಾರಿ ಹಿಡಿದವರು ಜಿ.ವಿ. ಅಯ್ಯರ್. ‘ಬೇಡರ ಕಣ್ಣಪ್ಪ’ದಲ್ಲಿ ನಟಿಸಿದ್ದ ಅವರಿಗೆ ಜನಪ್ರಿಯ ಸೂತ್ರ ಗೊತ್ತಿರಲಿಲ್ಲವೆಂದಲ್ಲ. 1983ರಲ್ಲಿ ಸಂಸ್ಕೃತದ ‘ಆದಿ ಶಂಕರಾಚಾರ್ಯ’ ಮಾಡಿ ರಾಷ್ಟ್ರಪ್ರಶಸ್ತಿ ಪಡೆದರು, 1986ರಲ್ಲಿ ಕನ್ನಡದಲ್ಲಿ ‘ಮಧ್ವಾಚಾರ್ಯ’ ಮಾಡಿದರು. ಅವು ವ್ಯಾಪಾರಿ ಚಿತ್ರಗಳಾಗಲಿಲ್ಲ. ಆಗಲೆಂದು ಅವರು ಬಯಸಿದಂತೆಯೂ ಕಾಣುವುದಿಲ್ಲ. ಅದೇ 1983ರ ‘ಭಕ್ತ ಪ್ರಹ್ಲಾದ’ದಲ್ಲಿ ತಂದೆ ಹಿರಣ್ಯಕಶಿಪು, ಮಗ ಪ್ರಹ್ಲಾದನಾಗಿ ಕಾಣಿಸಿಕೊಂಡವರು ನಿಜಜೀವನದ ತಂದೆಮಕ್ಕಳಾದ ರಾಜ್‌ಕುಮಾರ್ ಮತ್ತು ಪುನೀತ್. ತತ್ತ್ವವನ್ನು ಕೇಳಿ ತಿಳಿಯಬೇಕು. ಮಗನನ್ನು ಕೊಲ್ಲಹೊರಟ ಅಪ್ಪನನ್ನು ನೋಡಿದರೆ ಸಾಕು.

ಹಣ ಸುರಿದರೆ ಕಥೆಯಲ್ಲಿ ಇಂಥ ಸಂಕಟದ ಕೊರತೆ ತುಂಬುವುದಿಲ್ಲ ಎಂಬುದಕ್ಕೆ ‘ಆದಿಪುರುಷ್’ (2023) ಸಾಕ್ಷಿ. ನೂರಾರು ಕೋಟಿಯ ಈ ರಾಮಾಯಣಕ್ಕೆ ಮೊದಲ ದಿನಗಳಲ್ಲಿ ಜನ ನುಗ್ಗಿದರು. ಸಂಭಾಷಣೆಯ ಒರಟುತನಕ್ಕೂ ಕೃತಕ ದೃಶ್ಯಗಳಿಗೂ ಟೀಕೆ ಬಂದಂತೆ ಗಳಿಕೆ ಕುಸಿಯಿತು. ಪರಿಚಿತ ಕಥೆ ಪ್ರೇಕ್ಷಕರನ್ನು ಕರೆತರುತ್ತದೆ, ಆದರೆ ಅವರ ಕೈಗೆ ಅಳತೆಗೋಲನ್ನೂ ಕೊಡುತ್ತದೆ.

ರಿಷಬ್ ಶೆಟ್ಟಿಯವರ ‘ಕಾಂತಾರ’ (2022) ಸುಮಾರು 16 ಕೋಟಿ ರೂಪಾಯಿಯಲ್ಲಿ ತಯಾರಾಗಿ 400 ಕೋಟಿಯಷ್ಟು ಗಳಿಸಿತೆಂದು ವರದಿಯಾಯಿತು. ತುಳುನಾಡಿನ ಪಂಜುರ್ಲಿ, ಗುಳಿಗ ದೈವಗಳು ಹೊರಗಿನವರಿಗೆ ಹೊಸವು. ಆದರೆ ದೈವದ ಕರೆಯಿಂದ ತಪ್ಪಿಸಿಕೊಂಡು ತಿರುಗುವ ನಾಯಕ ಶಿವನ ಪಾಡು, ನೆಲ ಕಳೆದುಕೊಳ್ಳುವ ಊರಿನ ಭಯ ಯಾರಿಗೂ ಅಪರಿಚಿತವಲ್ಲ. 2025ರಲ್ಲಿ ಹೊಂಬಾಳೆ ಫಿಲ್ಮ್ಸ್ ಅರ್ಪಿಸಿದ ‘ಮಹಾವತಾರ್ ನರಸಿಂಹ’ ತಾರೆಗಳೇ ಇಲ್ಲದ ಅನಿಮೇಷನ್ ಚಿತ್ರ; ಹೆಸರು ನರಸಿಂಹನದಾದರೂ ದೊಡ್ಡ ಗೆಲುವು ಕಂಡ ಆ ಚಿತ್ರದ ಕಥೆಯನ್ನು ಹೊತ್ತವನು ಮತ್ತೆ ಪ್ರಹ್ಲಾದನೇ.