ಸ್ವರಮೇಳಕಲಾನಿಧಿ

ವಿಜಯನಗರದಲ್ಲಿ 1550ರಲ್ಲಿ ರಚನೆಯಾದ ಸಂಸ್ಕೃತ ಸಂಗೀತಶಾಸ್ತ್ರ ಗ್ರಂಥ. ಬರೆದವನು ರಾಮಾಮಾತ್ಯ, ಬರೆಸಿದವನು ಅಳಿಯ ರಾಮರಾಯ. ಸಂಗೀತರತ್ನಾಕರಕ್ಕೆ ವ್ಯಾಖ್ಯಾನ ಬರೆದ ಕಲ್ಲಿನಾಥನ ಮನೆತನದವನು ಈ ರಾಮಾಮಾತ್ಯ. ಪುರಂದರದಾಸರು ಆಗಿನ್ನೂ ಬದುಕಿದ್ದರು. ಯುರೋಪಿನಲ್ಲಿ ಅದು ಪುನರುಜ್ಜೀವನದ ಕಾಲ.

ಗ್ರಂಥದಲ್ಲಿ ಐದು ಪ್ರಕರಣಗಳಿವೆ. ಅವುಗಳಲ್ಲಿ ವೀಣಾಪ್ರಕರಣವೇ ಇದರ ಜೀವಾಳ. ರಾಮಾಮಾತ್ಯನ ಶುದ್ಧಮೇಳ ವೀಣೆಯ ನಾಲ್ಕು ಮುಖ್ಯ ತಂತಿಗಳ ಶ್ರುತಿ ಸ, ಪ, ಸ, ಮ. ಮೊದಲ ತಂತಿಯನ್ನು ಬಿಟ್ಟು ಮೀಟಿದರೆ ಷಡ್ಜ. ಅಲ್ಲಿಂದ ಆರು ಮೆಟ್ಟಿಲುಗಳಲ್ಲಿ ಶುದ್ಧ ರಿಷಭ, ಶುದ್ಧ ಗಾಂಧಾರ, ಸಾಧಾರಣ ಗಾಂಧಾರ, ಚ್ಯುತಮಧ್ಯಮ ಗಾಂಧಾರ, ಶುದ್ಧ ಮಧ್ಯಮ, ಚ್ಯುತಪಂಚಮ ಮಧ್ಯಮಗಳು ಸಾಲಾಗಿ ಬರುತ್ತವೆ. ಏಳನೆಯ ಮೆಟ್ಟಿಲು ಬೇಕಿಲ್ಲ, ಏಕೆಂದರೆ ಎರಡನೆಯ ತಂತಿಯೇ ಪಂಚಮ. ಒಂದೇ ಮೆಟ್ಟಿಲು ನಾಲ್ಕೂ ತಂತಿಗಳ ಕೆಳಗೆ ಹಾದುಹೋಗುವುದರಿಂದ ಒಂದು ತಂತಿಗೆ ಸರಿಹೊಂದಿದ್ದು ಮಿಕ್ಕವಕ್ಕೂ ಹೊಂದಬೇಕು. ಈ ಸ್ವರಗಳು ಸ್ವಯಂಭೂ, ಮನುಷ್ಯ ಕಲ್ಪಿಸಿದವಲ್ಲ ಎಂಬುದು ಅವನ ವಾದ. ಆದರೂ ಅಂತರ ಗಾಂಧಾರಕ್ಕೆ ಅವನು ಪ್ರತ್ಯೇಕ ಮೆಟ್ಟಿಲು ಇಡುವುದಿಲ್ಲ. ಪಕ್ಕದ ಚ್ಯುತಮಧ್ಯಮ ಗಾಂಧಾರವನ್ನೇ ಅದರ ಪ್ರತಿನಿಧಿಯಾಗಿ ನುಡಿಸಬಹುದು ಎನ್ನುತ್ತಾನೆ. ಶಾಸ್ತ್ರಕಾರನೊಬ್ಬ ವೈಣಿಕನ ಬೆರಳಿಗೆ ಕೊಟ್ಟ ಈ ಮನ್ನಣೆ ದೊಡ್ಡದು. ಒಂದೇ ಮೆಟ್ಟಿಲನ್ನು ಎಲ್ಲ ತಂತಿಗಳಿಗೂ ಹೊಂದಿಸುವ ಈ ತೊಡಕು ಇಟಲಿಯ ಲ್ಯೂಟ್ ಎಂಬ ತಂತಿವಾದ್ಯದ ವಾದಕರನ್ನೂ ಕಾಡಿತ್ತು. ವಿಜ್ಞಾನಿ ಗೆಲಿಲಿಯೋನ ತಂದೆ ವಿಂಚೆನ್ಸೋ ಗೆಲಿಲಿ 1581ರಲ್ಲಿ ಮೆಟ್ಟಿಲುಗಳ ಅಂತರಕ್ಕೆ 18:17ರ ಅನುಪಾತವನ್ನು ಸೂಚಿಸಿದ. ಅಲ್ಲಿ ಹಲವು ದನಿಗಳು ಒಟ್ಟಿಗೆ ಕೂಡಬೇಕಿತ್ತು, ಇಲ್ಲಿ ಒಂದೇ ವಾದ್ಯದಲ್ಲಿ ಎಲ್ಲ ರಾಗಗಳೂ ನುಡಿಯಬೇಕಿತ್ತು.

ಮೇಳಪ್ರಕರಣವು ಮುಖಾರಿಯಿಂದ ಮೊದಲುಗೊಂಡು 20 ಮೇಳಗಳಲ್ಲಿ ರಾಗಗಳನ್ನು ವಿಂಗಡಿಸುತ್ತದೆ. ಮೇಲೆ ಹೇಳಿದ ಪ್ರತಿನಿಧಿ ಕ್ರಮವನ್ನು ಒಪ್ಪಿದರೆ ಮೇಳಗಳು 15ಕ್ಕೆ ಇಳಿಯುತ್ತವೆ. ರಾಗಗಳನ್ನು ಉತ್ತಮ, ಮಧ್ಯಮ, ಅಧಮ ಎಂದು ಮೂರು ದರ್ಜೆ ಮಾಡಿರುವ ಕೊನೆಯ ಪ್ರಕರಣ ಇಂದಿನ ಕಿವಿಗೆ ಒಪ್ಪುವುದು ಕಷ್ಟ.

1565ರ ರಕ್ಕಸತಂಗಡಿ ಯುದ್ಧದಲ್ಲಿ ರಾಮರಾಯ ಮಡಿದ, ರಾಜಧಾನಿ ಹಾಳಾಯಿತು. ಸಂಗೀತಶಾಸ್ತ್ರದ ಚರ್ಚೆ ತಂಜಾವೂರಿನ ನಾಯಕರ ಆಸ್ಥಾನಕ್ಕೆ ಸರಿಯಿತು. ಅಲ್ಲಿ ಮಂತ್ರಿಯಾಗಿದ್ದ ಕನ್ನಡಿಗ ಗೋವಿಂದ ದೀಕ್ಷಿತನ ಮಗ ವೆಂಕಟಮಖಿ 17ನೆಯ ಶತಮಾನದಲ್ಲಿ ‘ಚತುರ್ದಂಡಿಪ್ರಕಾಶಿಕೆ’ ಬರೆದ. ರಾಮಾಮಾತ್ಯನ ಮೇಳಗಳನ್ನು ಅವನು ಕಟುವಾಗಿಯೇ ಖಂಡಿಸಿದ್ದಾನೆ. ಅವನೇ ಲೆಕ್ಕ ಹಾಕಿ ತೋರಿದ 72 ಮೇಳಗಳೂ ಸ್ಥಾಯಿಗೆ ಹನ್ನೆರಡು ಸ್ವರಸ್ಥಾನಗಳ ಮೇಲೆಯೇ ನಿಂತಿವೆ. ಇಂದಿನ ವೀಣೆಯಲ್ಲಿ ಮೇಣದ ಮೇಲೆ ಕೂರಿಸುವ ಮೆಟ್ಟಿಲುಗಳೂ ಸ್ಥಾಯಿಗೆ ಹನ್ನೆರಡರಂತೆ 24.