ವಿಮಾನದೊಳಗೆ ಕೊಳೆ ಸಾಕ್ಸ್ ವಾಸನೆ: ಹೆದರಬೇಕೇ, ಸುಮ್ಮನಿರಬೇಕೇ?

ವಿಮಾನದ ಚಾವಣಿಯಿಂದ ಬಿಳಿ ಹೊಗೆ ಇಳಿಯುತ್ತಿರುವ ವಿಡಿಯೊ, ಕೆಳಗೆ ‘ಪ್ರಯಾಣಿಕರಿಗೆ ವಿಷಗಾಳಿ, ಎಲ್ಲರಿಗೂ ತಿಳಿಸಿ’ ಎಂಬ ಸಾಲು. ಇಂಥ ಸಂದೇಶ ನಿಮಗೆ ಬಂದರೆ ಫಾರ್ವರ್ಡ್ ಮಾಡುವ ಮೊದಲು ಇದನ್ನು ಓದಿ. ಆ ಬಿಳಿ ಹೊಗೆ ಬಹುಮಟ್ಟಿಗೆ ಬರೀ ಮಂಜು. ನಿಜವಾದ ವಿಷಗಾಳಿ ಕಣ್ಣಿಗೆ ಕಾಣದೆಯೂ ಇರಬಹುದು.

ಬಿಳಿ ಹೊಗೆ ಏನು?

ಸೆಕೆಯ ದಿನ ನಿಲ್ದಾಣದಲ್ಲಿ ನಿಂತ ವಿಮಾನದೊಳಗೆ ತೇವದ ಗಾಳಿ ತುಂಬಿರುತ್ತದೆ. ಎಸಿಯ ತಣ್ಣನೆ ಗಾಳಿ ತಗುಲಿದಾಗ ಆ ತೇವ ಸಣ್ಣ ಹನಿಗಳಾಗಿ ಹೊಗೆಯಂತೆ ಕಾಣುತ್ತದೆ. ಅದಕ್ಕೆ ವಾಸನೆ ಇರುವುದಿಲ್ಲ, ಸ್ವಲ್ಪ ಹೊತ್ತಿನಲ್ಲಿ ಕರಗಿಹೋಗುತ್ತದೆ.

ಹಾಗಾದರೆ ವಿಷಗಾಳಿ ಎಲ್ಲಿಂದ ಬರುತ್ತದೆ?

ಬಹುತೇಕ ಜೆಟ್ ವಿಮಾನಗಳಲ್ಲಿ ನಾವು ಉಸಿರಾಡುವ ಗಾಳಿ ಬರುವುದು ಎಂಜಿನ್ ಮೂಲಕ. ಎಂಜಿನ್ ಒಳಗೆ ಒತ್ತಲ್ಪಟ್ಟ ಗಾಳಿಯಲ್ಲಿ ಒಂದು ಪಾಲನ್ನು, ಇಂಧನ ಉರಿಯುವ ಜಾಗಕ್ಕಿಂತ ಮೊದಲೇ ತೆಗೆದು, ತಣಿಸಿ ಒಳಗೆ ಬಿಡುತ್ತಾರೆ. ಇದಕ್ಕೆ ‘ಬ್ಲೀಡ್ ಏರ್’ ಎನ್ನುತ್ತಾರೆ. ಎಂಜಿನ್ ಆಯಿಲ್ ತಡೆಯುವ ಸೀಲ್ ಸೋರಿದರೆ, ಕಾದ ಆಯಿಲ್‌ನ ಆವಿ ಈ ಗಾಳಿಗೆ ಸೇರಬಹುದು. ಕೊಳೆ ಸಾಕ್ಸ್‌ನಂಥ ವಾಸನೆ ಬರುವುದು ಆಗ. 2011ರಲ್ಲಿ ಪ್ರಯಾಣಿಕರ ಸೇವೆಗೆ ಬಂದ ಬೋಯಿಂಗ್ 787ರಲ್ಲಿ ಈ ವ್ಯವಸ್ಥೆ ಇಲ್ಲ. ಅದು ವಿದ್ಯುತ್ ಕಂಪ್ರೆಸರ್ ಬಳಸಿ ಹೊರಗಿನ ಗಾಳಿಯನ್ನು ನೇರವಾಗಿ ತೆಗೆದುಕೊಳ್ಳುತ್ತದೆ.

‘ಹೆಪಾ ಫಿಲ್ಟರ್ ಇದೆಯಲ್ಲ?’ ಎಂದು ಕೇಳಬಹುದು. ಅದು ಧೂಳು, ಸೂಕ್ಷ್ಮಾಣುಗಳನ್ನು ಹಿಡಿಯುತ್ತದೆ, ಅನಿಲವನ್ನು ಹಿಡಿಯುವುದಿಲ್ಲ.

ಗಗನಸಖಿಯರ ಮೂಗೇ ಸೆನ್ಸರ್

ಆಯಿಲ್ ಆವಿಯನ್ನು ಪತ್ತೆ ಮಾಡುವ ಯಂತ್ರ ಹೆಚ್ಚಿನ ವಿಮಾನಗಳಲ್ಲಿ ಇಲ್ಲ. ಆದ್ದರಿಂದ ಮೊದಲ ಎಚ್ಚರಿಕೆ ಕ್ಯಾಬಿನ್ ಸಿಬ್ಬಂದಿಯಿಂದಲೇ ಬರಬೇಕು. ವಾಸನೆ ಎಲ್ಲಿ, ಯಾವಾಗ, ಎಷ್ಟು ಜೋರು, ಯಾರಿಗಾದರೂ ಕಣ್ಣುರಿ, ತಲೆನೋವು, ತಲೆಸುತ್ತು ಇದೆಯೇ ಎಂದು ಅವರು ಕೂಡಲೇ ಪೈಲಟ್‌ಗೆ ತಿಳಿಸುತ್ತಾರೆ. ಪೈಲಟ್‌ಗಳು ಶುದ್ಧ ಆಮ್ಲಜನಕದ ಮಾಸ್ಕ್ ಧರಿಸಿ, ಅನುಮಾನ ಬಂದ ಕಡೆಯ ಗಾಳಿಯನ್ನು ನಿಲ್ಲಿಸಿ, ಬೇಕಾದರೆ ಹತ್ತಿರದ ನಿಲ್ದಾಣದಲ್ಲಿ ಇಳಿಸುತ್ತಾರೆ. ಹೊಗೆ ದಟ್ಟವಾದರೆ ಸಿಬ್ಬಂದಿ ತಲೆ ಮುಚ್ಚುವ ಹೊಗೆ ಕವಚ ಹಾಕಿಕೊಳ್ಳುತ್ತಾರೆ. ಮೂಗು ವಾಸನೆಗೆ ಬೇಗ ಒಗ್ಗಿಕೊಳ್ಳುತ್ತದೆ. ಹಾಗಾಗಿ ವಾಸನೆ ಕಡಿಮೆ ಆಯಿತು ಅನಿಸಿದರೂ ಗಾಳಿ ಶುದ್ಧವಾಯಿತು ಎಂದಲ್ಲ.

ಮೇಲಿನಿಂದ ಬೀಳುವ ಮಾಸ್ಕ್ ಕಾಪಾಡುತ್ತದೆಯೇ?

ಇಲ್ಲ. ಅದು ಗಾಳಿಯ ಒತ್ತಡ ಕುಸಿದಾಗ ಬಳಸಲು ಇರುವುದು. ಅದರಲ್ಲಿ ಆಮ್ಲಜನಕದ ಜೊತೆ ಕ್ಯಾಬಿನ್‌ನ ಗಾಳಿಯೂ ಬೆರೆಯುತ್ತದೆ. ವಿಷಗಾಳಿ ಅದರೊಳಗೂ ಬರುತ್ತದೆ.

ಆರೋಗ್ಯಕ್ಕೆ ಎಷ್ಟು ಹಾನಿ?

ಎಂಜಿನ್ ಆಯಿಲ್‌ನಲ್ಲಿ ಟ್ರೈಕ್ರೆಸಿಲ್ ಫಾಸ್ಫೇಟ್ ಎಂಬ ರಾಸಾಯನಿಕ ಇರುತ್ತದೆ. ಇದರ ಒಂದು ರೂಪ ನರಗಳಿಗೆ ವಿಷ. 1930ರಲ್ಲಿ ಅಮೆರಿಕದಲ್ಲಿ ಇದು ಬೆರೆತ ಶುಂಠಿ ಪಾನೀಯ ಕುಡಿದ ಸಾವಿರಾರು ಜನರ ಕಾಲು ಸೋತುಹೋಗಿತ್ತು. ಈಗಿನ ಆಯಿಲ್‌ಗಳಲ್ಲಿ ಆ ರೂಪ ತೀರಾ ಕಡಿಮೆ. 2011ರಲ್ಲಿ ಬ್ರಿಟನ್ನಿನ ಕ್ರ್ಯಾನ್‌ಫೀಲ್ಡ್ ವಿಶ್ವವಿದ್ಯಾಲಯ 100 ಹಾರಾಟಗಳಲ್ಲಿ ಗಾಳಿ ಪರೀಕ್ಷಿಸಿದಾಗ ಯಾವ ರಾಸಾಯನಿಕವೂ ಸುರಕ್ಷತಾ ಮಿತಿ ದಾಟಿರಲಿಲ್ಲ. ಆದರೆ ಆ ಹಾರಾಟಗಳಲ್ಲಿ ಅಧಿಕೃತವಾಗಿ ವರದಿ ಮಾಡಬೇಕಾದಂಥ ಸೋರಿಕೆಯೂ ಆಗಿರಲಿಲ್ಲ.

ಆಸ್ಟ್ರೇಲಿಯಾದಲ್ಲಿ 1992ರಲ್ಲಿ ಬಿಎಇ 146 ವಿಮಾನದೊಳಗೆ ಹೊಗೆ ಕುಡಿದ ಗಗನಸಖಿಯೊಬ್ಬರಿಗೆ ಕೆಮ್ಮು ಬಿಡಲೇ ಇಲ್ಲ. ಹೊಗೆಯಿಂದಲೇ ಹಾನಿಯಾಯಿತು ಎಂದು ಅಲ್ಲಿನ ನ್ಯಾಯಮಂಡಳಿ ಪರಿಹಾರ ಕೊಡಿಸಿತು. ತೀರ್ಪು ಅಂತಿಮವಾದದ್ದು 2010ರಲ್ಲಿ, ಅಂದರೆ 18 ವರ್ಷಗಳ ನಂತರ. ದೀರ್ಘಕಾಲದ ಕಾಯಿಲೆಗೆ ಈ ಗಾಳಿ ಎಷ್ಟರಮಟ್ಟಿಗೆ ಕಾರಣ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಒಮ್ಮತ ಇನ್ನೂ ಇಲ್ಲ.

ನೀವು ಏನು ಮಾಡಬೇಕು?

• ವಿಚಿತ್ರ ವಾಸನೆ ಬಂದರೆ ವಿಡಿಯೊ ಮಾಡುವ ಮೊದಲು ಸಿಬ್ಬಂದಿಗೆ ಹೇಳಿ.
• ಹೊಗೆ ಇದ್ದರೆ ಮೂಗಿಗೆ ಒದ್ದೆ ಬಟ್ಟೆ ಹಿಡಿಯಿರಿ. ಇದು ಹೊಗೆಯ ಕಣಗಳನ್ನಷ್ಟೇ ತಡೆಯುತ್ತದೆ.
• ಇಳಿದ ಮೇಲೂ ತಲೆಸುತ್ತು, ಉಸಿರಾಟದ ತೊಂದರೆ ಇದ್ದರೆ ಅಂದೇ ವೈದ್ಯರಿಗೆ ತೋರಿಸಿ. ವಿಮಾನದ ಸಂಖ್ಯೆ, ಸಮಯ, ವಾಸನೆ ಹೇಗಿತ್ತು ಎಂಬುದನ್ನೂ ತಿಳಿಸಿ.

ನಿಲ್ದಾಣದಲ್ಲಿ ಮುಂದಿನ ವಿಮಾನದ ಹೊಗೆಯಿಂದ ಸೀಮೆಎಣ್ಣೆಯಂಥ ವಾಸನೆ ಒಂದೆರಡು ನಿಮಿಷ ಬರುವುದು ಸಾಮಾನ್ಯ. ಅದಕ್ಕೆ ಗಾಬರಿ ಬೇಡ. ಆದರೆ ವಾಸನೆ ಯಾವುದೆಂದು ಗೊತ್ತಾಗದಿದ್ದರೆ ಹೇಳಲು ಸಂಕೋಚ ಪಡಬೇಡಿ. ನಿಮ್ಮ ಒಂದು ಮಾತು ಸಿಬ್ಬಂದಿಗೂ ನೆರವಾಗುತ್ತದೆ. ನಿಮಗೆ ಅದು ಒಂದು ದಿನದ ಪ್ರಯಾಣ. ಅವರು ಅದೇ ಗಾಳಿಯಲ್ಲಿ ದಿನವೂ ದುಡಿಯುವವರು.